ದೊಡ್ಡಮ್ಮನ ಚುಕ್ಕಿ

ಟಚಪ್ ಮಾಮನ ಬ್ರಷ್ಷಿನ ವಿಷಯ ಹೇಳದೆ ಈ ಕತೆ ಶುರುವಾಗುವುದಿಲ್ಲ. ಬೆಕ್ಕಿನ ಮೀಸೆಯ ಕೂದಲಿಗಿಂತ ಸಪೂರವಾದ ಆ ಬ್ರಷ್ಷು ಫೋಟೋದ ಮೇಲೆ ಒಮ್ಮೆ ಸುಳಿದರೆ ಮೊಡವೆ ಮಾಯ, ಮಚ್ಚೆ ಮಾಯ, ಕಣ್ಣಿನ ಕೆಳಗಿನ ಕಪ್ಪು ಮಾಯ. ಇನ್ನೊಮ್ಮೆ ಸುಳಿದರೆ ಹತ್ತು ವರ್ಷ ವಯಸ್ಸೇ ಮಾಯ. ಅವನ ಸ್ಟುಡಿಯೋದ ಮೆಟ್ಟಿಲು ಹತ್ತುವಾಗಲೇ ಮೊಡವೆಗಳು ಹೆದರಿ ಉದುರಿಬೀಳುತ್ತಿದ್ದವು ಎಂದು ಹೇಳುವವರಿದ್ದಾರೆ. ಹಾಗೆ ಹೇಳುವವರಲ್ಲಿ ಮೊದಲನೆಯವನು ಮಾಮನೇ. ಒಬ್ಬ ಗಿರಾಕಿ ಟಚಪ್ ಆಗಿ ಬಂದ ಫೋಟೋ ನೋಡಿ, "ಈ ಹುಡುಗಿ ಯಾರು, ಮದುವೆ ಆಗಿದೆಯಾ" ಎಂದು ಕೇಳಿ, ಪಕ್ಕದಲ್ಲೇ ನಿಂತಿದ್ದ ಸ್ವಂತ ಹೆಂಡತಿಯ ಕೈಚೀಲದಿಂದ ಪೆಟ್ಟು ತಿಂದದ್ದು ಬೀದಿಗೆಲ್ಲ ಗೊತ್ತು.

ಇಷ್ಟು ದೊಡ್ಡ ಮನುಷ್ಯನಿಗೆ ಇದ್ದದ್ದು ಒಂದೇ ಗುಟ್ಟು. ಲೆಕ್ಕ ಎಂದರೆ ಭಯಕ್ಕೆ ಅವನ ಹೊಟ್ಟೆಯಲ್ಲಿ ಇಲಿ ಓಡಾಡುತ್ತಿತ್ತು. ಬರೀ ಇಲಿಯಲ್ಲ, ಇಲಿ, ಅದರ ಹೆಂಡತಿ, ಅದರ ಬೀಗರು ಎಲ್ಲ ಸೇರಿ ಓಡಾಡುತ್ತಿದ್ದರು. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು "ಅರ್ಥ ಆಯ್ತಾ" ಎಂದು ಕೇಳಿದಾಗಲೆಲ್ಲ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವನು ಅವನು. ಆಡಿಸಿ ಆಡಿಸಿ ಆ ತಲೆಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು.

ಆ ತಲೆಯೇ ಅವನನ್ನು ಹಳ್ಳಕ್ಕೆ ಕೆಡವಿದ್ದು.

ಅಕ್ಕನ ಮಗಳು ಒಂದು ಮಧ್ಯಾಹ್ನ ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು ಸ್ಟುಡಿಯೋಗೆ ಬಂದಳು. ಹುಟ್ಟಿದಾಗ ಹಿಡಿಯಷ್ಟಿದ್ದಳೆಂದು ಮಾಮನೇ ಅವಳನ್ನು ಗುಬ್ಬಿ ಎಂದು ಕರೆದಿದ್ದ. ಈಗ ಗುಬ್ಬಿ ಸಂಖ್ಯಾಶಾಸ್ತ್ರ ಓದಿ ಮುಗಿಸಿ, ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸಗಾರರಿಗೆ ಪಾಠ ಹೇಳುತ್ತಿದ್ದಳು. ಪಾಠ ಯಾವುದು ಅಂದರೆ, ಮಷಿನ್ನುಗಳು ಹೇಗೆ ಕಲಿಯುತ್ತವೆ ಅನ್ನುವುದು.

"ಅಲ್ಲಿಗೆ ಒಂದು ಹೊಸ ಪ್ರೋಗ್ರಾಂ ಬರ್ತಿದೆ ಮಾಮ," ಅಂದಳು. "ಒಬ್ಬರು ಎಷ್ಟು ವರ್ಷ ಇಸ್ತ್ರಿ ಮಾಡಿದಾರೆ ಅಂತ ನೋಡಿ, ಗಂಟೆಗೆ ಎಷ್ಟು ಬೆಡ್‌ಶೀಟ್ ಮಾಡ್ಬೇಕು ಅಂತ ಅದೇ ಹೇಳುತ್ತೆ. ಮ್ಯಾನೇಜರಿಗೆ ಅದು ಹೇಳಿದ್ದನ್ನೇ ಕಟ್ಟುನಿಟ್ಟು ಮಾಡೋ ಆಸೆ. ಅಷ್ಟು ಮುಗಿಸದವರು ಮನೆಗೆ ಹೋಗೋ ಹಾಗಿಲ್ಲ. ನಾನು ಹೇಳಿದೆ, ಮೊದಲು ನಮ್ಮವರ ಕೆಲಸದ ಲೆಕ್ಕಾನ ಚಿತ್ರ ಬರೆದು ನೋಡೋಣ, ಆಮೇಲೆ ನಿಮ್ಮಿಷ್ಟ ಅಂತ. ಅದಕ್ಕೆ ಒಪ್ಪಿದಾರೆ. ಎಲ್ಲರಿಗೂ ಕಾಣೋ ಹಾಗೆ ಅದನ್ನ ನೀನು ದೊಡ್ಡದಾಗಿ ಬರೆದು ಕೊಡ್ಬೇಕು."

ಅವಳು ಮೊದಲ ಕಾಗದ ಬಿಚ್ಚಿದಳು. ಮಡಿಸಿದ ಟವೆಲುಗಳ ಗೋಪುರಗಳು, ಒಂದು ಎತ್ತರ, ಒಂದು ಗಿಡ್ಡ, ಒಂದು ಇನ್ನೇನು ಬೀಳುವ ಹಾಗೆ. ಎತ್ತರದ್ದರಿಂದ ತೆಗೆದು ಗಿಡ್ಡದ್ದಕ್ಕೆ ಪೇರಿಸುತ್ತಾ ಹೋಗಿ, ಎಲ್ಲ ಒಂದೇ ಎತ್ತರಕ್ಕೆ ಬಂದಾಗ ಎಷ್ಟಿರುತ್ತದೋ ಅದೇ ಸರಾಸರಿ. ಮಾಮನಿಗೆ ಒಂದೇ ಏಟಿಗೆ ಹೊಳೆಯಿತು. ಇಷ್ಟು ಸುಲಭವಾದ ವಿಷಯವನ್ನು ಆ ಮೇಷ್ಟ್ರು ವರ್ಷವಿಡೀ ಬೋರ್ಡಿನ ಮೇಲೆ ಕೆರೆದು ಕೆರೆದು ಹಾಳುಮಾಡಿದ್ದ ಎಂದು ಸಿಟ್ಟೂ ಬಂತು. ಹೊಟ್ಟೆಯ ಇಲಿಗಳು ಒಂದು ನಿಮಿಷ ಕೂತು ಕೇಳಿದವು.

ಎರಡನೆಯ ಕಾಗದ ಬಿಚ್ಚಿದ್ದೇ ಇಲಿಗಳು ಮತ್ತೆ ಎದ್ದವು.

ಕಾಗದದ ತುಂಬ ನೀಲಿ ಬೆರಳಚ್ಚುಗಳು. ಕೆಲವು ಸಾಸಿವೆಯಷ್ಟು, ಕೆಲವು ಬಟನ್ನಿನಷ್ಟು. ಮಧ್ಯದಲ್ಲಿ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಒಂದು ಪೆನ್ಸಿಲ್ ಗೆರೆ.

"ಒಂದು ಚುಕ್ಕಿ ಅಂದ್ರೆ ಒಬ್ಬ ಮನುಷ್ಯ. ಬಲಕ್ಕೆ ಹೋದಷ್ಟೂ ಜಾಸ್ತಿ ವರ್ಷ, ಮೇಲಕ್ಕೆ ಹೋದಷ್ಟೂ ಜಾಸ್ತಿ ಶೀಟು. ಅವರವರ ಚುಕ್ಕಿ ಅವರವರೇ ಬಟ್ಟೆಗೆ ಹಾಕೋ ನೀಲೀಲಿ ಬೆರಳು ಅದ್ದಿ ಇಟ್ಟಿದಾರೆ. ಗೆರೆ ಅನ್ನೋದು ಮಷಿನ್ ಮಾಡೋ ಅಂದಾಜು. ಚುಕ್ಕಿಯಿಂದ ಗೆರೆಗೆ ಎಷ್ಟು ದೂರ ಇದೆಯೋ ಅಷ್ಟು ಮಷಿನ್ ತಪ್ಪು ಹೇಳಿದೆ ಅಂತ. ದೂರ ಕಡಿಮೆ ಆಗೋ ಹಾಗೆ ಗೆರೆನ ಒಂಚೂರು ಜರುಗಿಸುತ್ತೆ, ಮತ್ತೆ ನೋಡುತ್ತೆ, ಮತ್ತೆ ಜರುಗಿಸುತ್ತೆ. ಅದು ಕಲಿಯೋದು ಅಂದ್ರೆ ಇಷ್ಟೇ. ಚುಕ್ಕಿ ಎಲ್ಲ ಗೆರೆ ಹತ್ರ ಇದ್ರೆ ಅದರ ಮಾತು ನಂಬಬೋದು. ಚದುರಿ ಹೋಗಿದ್ರೆ ನಂಬೋ ಹಾಗಿಲ್ಲ. ಅರ್ಥ ಆಯ್ತಾ ಮಾಮ?"

ಗುಬ್ಬಿ ಹೇಳುವಾಗ ಮಾಮ ಕೇಳಿಸಿಕೊಂಡದ್ದು ಅರ್ಧ, ತಿಳಿದದ್ದು ಅದರ ಕಾಲು. ಗೆರೆ ಯಾಕೆ ಜರುಗಬೇಕು, ಚುಕ್ಕಿಯೇ ಯಾಕೆ ಜರುಗಬಾರದು ಎಂಬ ಪ್ರಶ್ನೆ ನಾಲಗೆಯ ತುದಿಯವರೆಗೆ ಬಂದಿತ್ತು. ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಾನು ಎತ್ತಿ ಆಡಿಸಿದ ಕೂಸಿನ ಎದುರು ದಡ್ಡನಾಗುವುದು ಹೇಗೆ?

"ನಿನಗೆ ಪೆನ್ಸಿಲ್ ಹಿಡಿಯೋದು ಕಲಿಸಿದ್ದು ಯಾರೇ?" ಅಂದ.

"ನೀನೇ."

"ಮತ್ತೆ? ನನ್ನನ್ನೇ ಕೇಳ್ತಾಳೆ ಅರ್ಥ ಆಯ್ತಾ ಅಂತ. ದೊಡ್ಡದಾಗಿ, ಚಂದ ಬರೆದು ಕೊಡ್ತೀನಿ, ನಡಿ."

"ಚಂದ ಬೇಡ ಮಾಮ, ಇದ್ದ ಹಾಗೇ ದೊಡ್ಡದು ಮಾಡು ಸಾಕು."

ಚಂದ ಬೇಡ ಎನ್ನುವ ಮಾತು ಮಾಮನ ಕಿವಿಯ ಬಾಗಿಲವರೆಗೂ ಬಂದು, ಒಳಗೆ ಯಾರೂ ಇಲ್ಲವೆಂದು ವಾಪಸು ಹೋಯಿತು.

ಗೋಡೆಯಷ್ಟು ದೊಡ್ಡ ಹಾಳೆ ಹಾಸಿಕೊಂಡು ಕೂತವನು ಬಣ್ಣಗಳನ್ನು ಎಷ್ಟು ಬಗೆಯಲ್ಲಿ ಕಲಸಿದನೆಂದರೆ ಕಾಮನಬಿಲ್ಲು ಬಂದು ಸಾಲ ಕೇಳಬೇಕು. ಗೆರೆಗೆ ಚಿನ್ನದ ಬಣ್ಣ ಕೊಟ್ಟ. ಚುಕ್ಕಿಗಳನ್ನು ಕೈವಾರ ಇಟ್ಟು ಒಂದೇ ಅಳತೆಗೆ ದುಂಡಗೆ ಬರೆದ. ಬರೆದು, ಎದ್ದು ನಿಂತು, ಕಣ್ಣು ಕಿರಿದು ಮಾಡಿ ನೋಡಿದ. ಎಲ್ಲೋ ಏನೋ ಸರಿಯಿಲ್ಲ. ಚಿನ್ನದ ಗೆರೆ ರಾಜಬೀದಿಯ ಹಾಗೆ ಹೋಗುತ್ತಿದೆ, ಚುಕ್ಕಿಗಳು ಮಾತ್ರ ಸಂತೆ ಮುಗಿದ ಮೇಲಿನ ಜನರ ಹಾಗೆ ಕಂಡಕಂಡಲ್ಲಿ ನಿಂತಿವೆ. ಕಸುಬಿನ ಕೈ ತುರಿಸಿತು. ಒಂದನ್ನು ಬೆರಳಷ್ಟು ಕೆಳಕ್ಕೆ ತಂದ. ಇನ್ನೊಂದನ್ನು ಒಂದು ಕೂದಲೆಳೆ ಮೇಲಕ್ಕೆ ಎತ್ತಿದ. ಅದಕ್ಕೆ ಜೊತೆ ಬೇಕೆಂದು ಮತ್ತೊಂದನ್ನು ಕರೆತಂದ. ಕೊನೆಗೆ ಎಲ್ಲವೂ ಚಿನ್ನದ ಬೀದಿಯ ಎರಡು ಬದಿಗೆ ಸಾಲುದೀಪದಂತೆ ನಿಂತವು.

ಗುಬ್ಬಿ ತಂದಿದ್ದ ಕಚ್ಚಾ ಕಾಗದದ ಬಲಗಡೆ ತುತ್ತತುದಿಯಲ್ಲಿ, ಕೆಳಗೆ, ಎಲ್ಲರಿಂದ ದೂರ, ಒಂದು ದಪ್ಪ ನೀಲಿ ಕಲೆ ಉಳಿದಿತ್ತು. ಬೆರಳಚ್ಚಿನ ಗೆರೆಗಳೂ ಇಲ್ಲ, ಬರೀ ಉಜ್ಜಿದಂತೆ. 'ಯಾರೋ ಕೈ ಒರೆಸಿದ್ದಾರೆ' ಅಂದುಕೊಂಡ ಮಾಮ. ಅದನ್ನು ಬರೆಯಲೇ ಇಲ್ಲ. ಕೆಲಸ ಮುಗಿದ ಮೇಲೆ ಆ ಕಾಗದವನ್ನು ಕತ್ತರಿಸಿ ಫೋಟೋ ಒಣಗಿಸುವ ತಟ್ಟೆಗಳಿಗೆ ಹಾಸಿಬಿಟ್ಟ.

ಚಿತ್ರವನ್ನು ಮುಂಚೆ ಗುಬ್ಬಿಗೂ ತೋರಿಸಲಿಲ್ಲ. ತಾನೇ ಲಾಂಡ್ರಿಗೆ ಬಂದು, ಎಲ್ಲರ ಎದುರು, ಮೇಲೆ ಮುಚ್ಚಿದ ಬಟ್ಟೆಯನ್ನು ಸೆಳೆದು ತೆಗೆಯಬೇಕೆಂದು ಅವನ ಹಟ. ಅವಳಿಗೂ ಮಾಮನ ಜಂಬ ಹಳೆಯದು, ನಕ್ಕು ಬಿಟ್ಟಳು.

ಲಾಂಡ್ರಿಯ ಇಸ್ತ್ರಿ ಕೋಣೆ ಎಂದರೆ ಮೋಡವನ್ನು ಹಿಡಿದು ಒಳಗೆ ಕೂಡಿಹಾಕಿದಂತೆ. ಉಗಿ, ಸೋಪಿನ ವಾಸನೆ, ಬಿಸಿ ಹತ್ತಿಯ ವಾಸನೆ. ಕೆಲಸಗಾರರು ಬಟ್ಟೆ ಗಂಟುಗಳ ಮೇಲೆ ಕೂತಿದ್ದರು. ಮುಂದಿನ ಗಂಟಿನ ಮೇಲೆ ಇಸ್ತ್ರಿ ದೊಡ್ಡಮ್ಮ. ಅಲ್ಲಿ ಎಲ್ಲರಿಗಿಂತ ಹಳಬಳು, ಎಲ್ಲರಿಗಿಂತ ಜೋರು ಬಾಯಿಯವಳು. ಅವಳು ಮಾತು ಶುರು ಮಾಡಿದರೆ ಒದ್ದೆ ಬಟ್ಟೆ ಇಸ್ತ್ರಿ ಇಲ್ಲದೆಯೇ ಒಣಗುತ್ತಿತ್ತು ಎಂದು ಹೇಳುತ್ತಿದ್ದರು. ಅವತ್ತು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದಳು.

ಮಾಮ ಬಟ್ಟೆ ಸೆಳೆದ. ಕೋಣೆ ತುಂಬ 'ಆಹಾ' ಎಂದಿತು. ಮಾಮನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯೊಂದು ಕಿತ್ತು ಹೋಗಿ ಎದುರು ಗೋಡೆಗೆ ಬಡಿಯಿತು, ಅಥವಾ ಬಡಿದಂತೆ ಅವನಿಗೆ ಅನ್ನಿಸಿತು.

ಗುಬ್ಬಿ ಮಾತ್ರ ಆಹಾ ಅನ್ನಲಿಲ್ಲ.

"ನೋಡಿ ಮೇಡಂ," ಎಂದು ಮ್ಯಾನೇಜರ್ ಎದ್ದು ಬಂದ. ತೆಳ್ಳಗಿನ, ಸದಾ ಗಡಿಯಾರ ನೋಡುವ ಮನುಷ್ಯ. "ನೀವು ಚದುರಿರುತ್ತೆ ಅಂತ ಹೆದರಿಸಿದ್ರಿ. ಎಲ್ಲಾ ಗೆರೆಗೇ ಅಂಟಿಕೊಂಡಿದೆಯಲ್ಲ. ಇನ್ನೇನು ಬೇಕು ಸಾಕ್ಷಿ?"

"ಇಷ್ಟು ಹತ್ರ ಇರ್ಲಿಲ್ಲ ಸಾರ್," ಅಂದಳು ಗುಬ್ಬಿ.

ಅಷ್ಟರಲ್ಲಿ ದೊಡ್ಡಮ್ಮ ಎದ್ದು ಚಿತ್ರದ ಬಳಿ ಬಂದಿದ್ದಳು. ಬಲಗಡೆ ತುದಿಗೆ ಹೋಗಿ, ಮೇಲಿನಿಂದ ಕೆಳಗೆ ನೋಡಿದಳು, ಕೆಳಗಿನಿಂದ ಮೇಲೆ ನೋಡಿದಳು.

"ನಾನೆಲ್ಲಿ?" ಅಂದಳು.

ಬೆರಳಿನಿಂದ ಆ ಮೂಲೆಯನ್ನು ತಟ್ಟಿದಳು.

"ನನ್ನಷ್ಟು ವರ್ಷ ಇಲ್ಲಿ ಇನ್ಯಾರಿಗೂ ಆಗಿಲ್ಲ. ಈ ಕೊನೇಲಿ ನಾನೊಬ್ಬಳೇ ಇರ್ಬೇಕು. ಇಲ್ಲಿ ಕೆಳಗೆ ಇಟ್ಟಿದ್ದೆ."

ಹಿಂದಿನಿಂದ ಮೀಸೆಯವನ ದನಿ ಬಂತು. ಮೀಸೆಯವನೆಂದರೆ ಅಂಗಿಗಳ ಕಾಲರು ಇಸ್ತ್ರಿ ಮಾಡುವವನು, ಮೀಸೆಗೂ ಅದೇ ಗಂಜಿ ಹಾಕುತ್ತಾನೆಂದು ಹೆಸರು. "ಕೆಳಗೆ ಕಾಣ್ತೀನಿ ಅಂತ ನಾಚಿಕೆ ಆಗಿ, ಫೋಟೋದವರಿಗೆ ಕಾಫಿ ಕುಡಿಸಿ ಅಳಿಸ್ಕೊಂಡ್ರಾ ದೊಡ್ಡಮ್ಮ?"

ಜನ ನಕ್ಕರು. ದೊಡ್ಡಮ್ಮನ ಮುಖ ಸುಟ್ಟ ಇಸ್ತ್ರಿಯ ಗುರುತಿನ ಹಾಗೆ ಕಂದಿತು.

"ಮಾಮ," ಅಂದಳು ಗುಬ್ಬಿ ಮೆಲ್ಲಗೆ, "ನೀನು ಏನಾದ್ರೂ ಬದಲಾಯಿಸಿದ್ಯಾ?"

ಇಡೀ ಕೋಣೆ ಮಾಮನ ಕಡೆ ತಿರುಗಿತು. ಸಾವಿರ ಕಣ್ಣು. ಎಣಿಸಿದ್ದರೆ ಮೂವತ್ತು ಜನ ಇದ್ದರೇನೋ, ಆದರೆ ಆ ಹೊತ್ತಿಗೆ ಸಾವಿರ. ಹೌದು ಅಂದರೆ, ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ, ನನಗೆ ಅರ್ಥವಾಗಿರಲಿಲ್ಲ ಎನ್ನಬೇಕು. ಈ ಕಾಮನಬಿಲ್ಲಿನ ಮುಂದೆ ನಿಂತುಕೊಂಡು.

"ಇದ್ದದ್ದನ್ನ ಇದ್ದ ಹಾಗೆ ಬರೆದಿದೀನಿ," ಅಂದ ಮಾಮ. ಅಭ್ಯಾಸದ ತಲೆ ತಾನಾಗಿ ಆಡಿತು.

"ಆ ಕಚ್ಚಾ ಕಾಗದ?"

"ಇನ್ನೂ ಇಟ್ಟುಕೊಳ್ತಾರಾ ಅದನ್ನ? ಹೋಯ್ತು."

ಗುಬ್ಬಿ ಅವನನ್ನೇ ನೋಡಿದಳು. ಆಮೇಲೆ ಎಲ್ಲರ ಕಡೆ ತಿರುಗಿ, "ಹಾಗಾದ್ರೆ ನಾನೇ ಎಲ್ಲೋ ತಪ್ಪು ಮಾಡಿರ್ಬೇಕು," ಅಂದಳು. ಕೈಯಲ್ಲಿದ್ದ ಬಳಪ ಮುರಿದಿತ್ತು, ಎರಡು ತುಂಡನ್ನೂ ಜೇಬಿಗೆ ಹಾಕಿಕೊಂಡಳು.

ಮ್ಯಾನೇಜರ್ ಚಿನ್ನದ ಗೆರೆಯ ತುದಿಗೆ ಬೆರಳಿಟ್ಟ. "ಗೆರೆ ಪ್ರಕಾರ ದೊಡ್ಡಮ್ಮ ಎಲ್ಲರಿಗಿಂತ ಮೇಲೆ ಇರ್ಬೇಕು. ಇಷ್ಟು ಅನುಭವ, ಇಷ್ಟು ಶೀಟು. ನಾಳೆ ಬೆಳಿಗ್ಗೆಯಿಂದ ಇದೇ ಲೆಕ್ಕ."

ದೊಡ್ಡಮ್ಮ ಬಾಯಿ ತೆರೆಯಲಿಲ್ಲ. ಬಾಯ್ಲರು ಕೆಟ್ಟು ನಿಂತರೂ ನಿಲ್ಲದ ಬಾಯಿ ಅದು. ಆ ಮೌನದ ಸದ್ದಿಗೆ ಮಾಮನ ಎರಡೂ ಕಿವಿ ಕಿವುಡಾದವು.

ಗೇಟಿನ ಹತ್ತಿರ ಸೈಕಲ್ಲಿನ ಬೀಗ ತೆಗೆಯುತ್ತಿದ್ದಾಗ ಹೊಸ ಚಪ್ಪಲಿಯ ಚರ್‌ಚರ್ ಕೇಳಿಸಿತು. ಮಾಮ ಬೀಗದ ಮೇಲೆ ಇನ್ನೂ ಬಗ್ಗಿದ.

"ನೋಡಪ್ಪಾ," ಅಂದಳು ದೊಡ್ಡಮ್ಮ. "ಅಷ್ಟು ಕೆಳಗೆ ಬೆರಳು ಇಡೋಕೆ ನನಗೇನು ಖುಷಿನಾ? ಎಲ್ಲರೂ ನೋಡ್ತಿದ್ರು. ಎರಡು ಸಲ ಕೈ ಹಿಂದಕ್ಕೆ ತಗೊಂಡೆ. ಆಮೇಲೆ ಇರೋದು ಇದೇ ಅಲ್ವಾ ಅಂತ ಇಟ್ಟೆ. ನಾನು ಇಟ್ಟಿದ್ದೆ ಅಂತ ನಿಮಗಾದ್ರೂ ಗೊತ್ತಲ್ಲ?"

"ನನಗೆ ನೆನಪಿಲ್ಲ ದೊಡ್ಡಮ್ಮ," ಅಂದ ಮಾಮ, ಬೀಗಕ್ಕೆ.

ಚಪ್ಪಲಿಯ ಸದ್ದು ದೂರ ಹೋಯಿತು. ಭೂಮಿ ಬಾಯಿ ಬಿಡಬಾರದೇ ಎಂದು ಅವನು ಬೇಡಿಕೊಂಡ. ಭೂಮಿಗೆ ಅವನನ್ನು ನುಂಗುವುದಕ್ಕೂ ಅಸಹ್ಯವಾಗಿರಬೇಕು.

ಸಂಜೆ ಸ್ಟುಡಿಯೋದಲ್ಲಿ ಮೂರು ಗಿರಾಕಿಗಳು ಬಂದು ಹೋದರು, ಮಾಮ ಯಾರ ಮುಖವನ್ನೂ ನೋಡಲಿಲ್ಲ. ತಟ್ಟೆಗೆ ಹಾಸಿದ್ದ ಕಾಗದ ತೆಗೆದು ನೋಡಿದ. ನೀಲಿಯೆಲ್ಲ ನೀರಲ್ಲಿ ಕರಗಿ ಆಕಾಶದ ಹಾಗೆ ಒಂದೇ ಬಣ್ಣವಾಗಿತ್ತು. ಯಾರ ಬೆರಳೂ ಇರಲಿಲ್ಲ.

ಹೊರಗೆ ಬಂದು ಬಾಗಿಲು ಎಳೆಯುವಾಗ ಗಾಜಿನ ಪೆಟ್ಟಿಗೆಯ ಫೋಟೋಗಳ ಕಡೆ ಕಣ್ಣು ಹೋಯಿತು. ಅವನ ಆಯುಷ್ಯದ ಅತ್ಯುತ್ತಮ ಕೆಲಸವೆಲ್ಲ ಅಲ್ಲಿತ್ತು. ಮದುಮಗಳು, ವಕೀಲ, ಪೈಲ್ವಾನ, ಮುದುಕಿ. ದಿನಾ ನೋಡುತ್ತಿದ್ದವನೇ, ಆದರೆ ಇವತ್ತು ನೋಡಿದರೆ ಎಲ್ಲರೂ ಅಕ್ಕತಂಗಿ ಅಣ್ಣತಮ್ಮಂದಿರ ಹಾಗೆ ಕಂಡರು. ಅದೇ ನುಣುಪು ಕೆನ್ನೆ, ಅದೇ ತಿದ್ದಿದ ಹುಬ್ಬು. ಪೈಲ್ವಾನನ ಕೆನ್ನೆ ಮುದುಕಿಗೆ, ಮುದುಕಿಯ ಹಣೆ ವಕೀಲನಿಗೆ. ಎತ್ತರದ ಮೂಗಿನಿಂದ ತೆಗೆದು ಗಿಡ್ಡ ಮೂಗಿಗೆ ಪೇರಿಸಿ ಪೇರಿಸಿ, ಟವೆಲಿನ ಗೋಪುರಗಳನ್ನು ಸಮ ಮಾಡುವ ಹಾಗೆ, ಅವನು ಎಲ್ಲರನ್ನೂ ಒಂದೇ ಮುಖಕ್ಕೆ ತಂದು ನಿಲ್ಲಿಸಿದ್ದ. ಆ ಮುಖ ಊರಲ್ಲಿ ಯಾರಿಗೂ ಇರಲಿಲ್ಲ.

ಗೆರೆ ಯಾಕೆ ಜರುಗಬೇಕು, ಚುಕ್ಕಿ ಯಾಕೆ ಜರುಗಬಾರದು ಎನ್ನುವುದಕ್ಕೆ ಉತ್ತರ ಅಲ್ಲಿ ಗಾಜಿನ ಹಿಂದೆ ಸಾಲಾಗಿ ಕೂತು ನಗುತ್ತಿತ್ತು. ಗೆರೆ ನಾವು ಎಳೆದದ್ದು. ಚುಕ್ಕಿ ಅಂದರೆ ಅವರು. ಗುಬ್ಬಿ ಬಿಡಿಸಿ ಬಿಡಿಸಿ ಹೇಳಿದ್ದಳು, ಅವನು ತಲೆ ಆಡಿಸಿದ್ದ. ಗಾಜಿನಲ್ಲಿ ಅವನ ಸ್ವಂತ ಮುಖವೂ ಕಂಡಿತು. ಟಚಪ್ ಆಗದ್ದು. ಅದನ್ನು ನೋಡಲಾರದೆ ಬಾಗಿಲು ಎಳೆದ.

ಬೆಳಿಗ್ಗೆ ಮಾಮ ಲಾಂಡ್ರಿಗೆ ಹೋದ ವೇಗಕ್ಕೆ ಸೈಕಲ್ಲಿನ ಬೆಲ್ಲು ಹಿಂದೆಯೇ ಉಳಿದು, ಸ್ವಲ್ಪ ಹೊತ್ತಾದ ಮೇಲೆ ಬಂದು ಸೇರಿಕೊಂಡಿತು. ಇಸ್ತ್ರಿ ಕೋಣೆಯಲ್ಲಿ ಮ್ಯಾನೇಜರ್ ಹೊಸ ಲೆಕ್ಕ ಓದಿ ಹೇಳಲು ನಿಂತಿದ್ದ. ಗುಬ್ಬಿ ಗೋಡೆಗೆ ಒರಗಿದ್ದಳು. ದೊಡ್ಡಮ್ಮ ಹಳೆಯ ಚಪ್ಪಲಿಯಲ್ಲಿ ಬಂದಿದ್ದಳು, ಇವತ್ತೂ ಮಾತಿಲ್ಲ.

"ಒಂದು ನಿಮಿಷ," ಅಂದ ಮಾಮ.

ದಾರಿಯುದ್ದಕ್ಕೂ ಒಂದು ಭರ್ಜರಿ ಭಾಷಣ ಕಟ್ಟಿಕೊಂಡು ಬಂದಿದ್ದ. ದೊಡ್ಡ ದೊಡ್ಡ ಕಲಾವಿದರಿಗೂ ಕೈ ಜಾರುವುದುಂಟು ಎಂದು ಶುರುವಾಗುತ್ತಿತ್ತು ಅದು. ಬಾಯಿ ತೆರೆದರೆ ಭಾಷಣ ಉಗಿಯ ಜೊತೆ ಹೋಗಿಬಿಟ್ಟಿತು.

"ನಿನ್ನೆ ಸುಳ್ಳು ಹೇಳಿದೆ. ಚುಕ್ಕಿ ಎಲ್ಲ ಗೆರೆ ಹತ್ರ ಎಳೆದದ್ದು ನಾನು. ದೊಡ್ಡಮ್ಮ ತಮ್ಮ ಚುಕ್ಕಿ ಇಟ್ಟಿದ್ರು. ನಾನು ಬಿಟ್ಟೆ. ಗುಬ್ಬಿದು ತಪ್ಪಿಲ್ಲ. ಅವಳು ಹೇಳಿದ್ದು ನನಗೆ ಅರ್ಥ ಆಗಿರ್ಲಿಲ್ಲ, ಆಯ್ತು ಅಂದೆ."

"ಬಿಟ್ರಾ? ಯಾಕೆ ಬಿಟ್ರಿ?" ಅಂದಳು ದೊಡ್ಡಮ್ಮ.

ಮಾಮ ನೆಲ ನೋಡಿದ. "ಗಲೀಜು ಅಂದ್ಕೊಂಡೆ. ಯಾರೋ ಕೈ ಒರೆಸಿದಾರೆ ಅಂತ."

ದೊಡ್ಡಮ್ಮ ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡಳು. ವರ್ಷಾನುಗಟ್ಟಲೆ ಬಿಸಿ ತಗುಲಿ ತಗುಲಿ ಅದರ ಗೆರೆಗಳೆಲ್ಲ ಅಳಿದು ಹೋಗಿದ್ದವು.

"ಊರಿನವರ ಗಲೀಜೆಲ್ಲ ತೆಗೆದವಳು ನಾನು," ಅಂದಳು. "ಕೊನೆಗೆ ನಾನೇ ಗಲೀಜಾದೆ."

ಇದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಮಾಮನ ಕಿವಿಗಳು ಎಷ್ಟು ಕಾದವೆಂದರೆ ಹಿಡಿದು ಉಜ್ಜಿದ್ದರೆ ಲಾಂಡ್ರಿಯ ಅವತ್ತಿನ ಶೀಟುಗಳೆಲ್ಲ ಇಸ್ತ್ರಿಯಾಗುತ್ತಿದ್ದವು.

ಮ್ಯಾನೇಜರ್ ಗಡಿಯಾರ ನೋಡಿದ. "ಈಗ ಏನು ಮಾಡೋದು? ಆ ಕಾಗದವೂ ಇಲ್ಲ ಅಂತೀರಿ."

"ಜನ ಇದಾರಲ್ಲ ಸಾರ್," ಅಂದಳು ಗುಬ್ಬಿ. ಗೋಡೆ ಬಿಟ್ಟು ಬಂದು, ಒಗೆದ ಬೆಡ್‌ಶೀಟೊಂದನ್ನು ಹಗ್ಗಕ್ಕೆ ಕ್ಲಿಪ್ಪು ಹಾಕಿ ಬಿಗಿಯಾಗಿ ಹರಡಿದಳು. ಒಂದು ಬಟ್ಟಲು ನೀಲಿ ತರಿಸಿದಳು. ಮಾಮನ ಕಡೆ ನೋಡದೆ, "ನೀನು ನಿಂತುಕೋ ಇಲ್ಲಿ. ಒಬ್ಬೊಬ್ಬರನ್ನೂ ಕೇಳು. ಎಷ್ಟು ವರ್ಷ, ಎಷ್ಟು ಶೀಟು. ಎಲ್ಲಿ ಹೇಳ್ತಾರೋ ಅಲ್ಲಿ ಬೆರಳು ಇಡ್ಸು," ಅಂದಳು.

ಮಾಮ ಕೇಳಿದ. ರಾಣಿಯರ ಹುಬ್ಬು ತಿದ್ದಿದವನಂತೆ ಬೀಗುತ್ತಿದ್ದವನು ಬಟ್ಟಲು ಹಿಡಿದು ಒಬ್ಬೊಬ್ಬರ ಮುಂದೆ ನಿಂತ. ಮೀಸೆಯವನು ಎರಡು ಶೀಟು ಜಾಸ್ತಿ ಹೇಳಿದ, ಪಕ್ಕದವಳು ಕೆಮ್ಮಿದಳು, ಮೀಸೆಯವನು ಎರಡು ಶೀಟು ಕೆಳಗೆ ಬಂದ. ಮೊನ್ನೆ ಮೊನ್ನೆ ಸೇರಿದ ಹುಡುಗಿಯೊಬ್ಬಳು ಎಲ್ಲರಿಗಿಂತ ಮೇಲೆ ಬೆರಳಿಟ್ಟಳು. ಚಿನ್ನದ ಚಿತ್ರದಲ್ಲಿ ಅವಳನ್ನು ಅವನು ಎಲ್ಲಿಗೆ ಇಳಿಸಿದ್ದನೋ ಅವನಿಗೇ ಮರೆತಿತ್ತು. ಬೆಡ್‌ಶೀಟಿನ ಮೇಲೆ ಚುಕ್ಕಿಗಳು ಎಲ್ಲೆಂದರಲ್ಲಿ ಬಿದ್ದವು. ಗೆರೆಯ ಬದಲು ಗುಬ್ಬಿ ಒಂದು ನೂಲನ್ನು ಚುಕ್ಕಿಗಳ ಮಧ್ಯೆ ಎಳೆದು, ಮೇಲೆ ಕೆಳಗೆ ಜರುಗಿಸಿ, ಎರಡು ತುದಿಗೂ ಕ್ಲಿಪ್ಪು ಹಾಕಿದಳು.

ದೊಡ್ಡಮ್ಮ ಒಬ್ಬಳೇ ಉಳಿದಳು.

"ಮೊದಲು ಮಷಿನ್ ಏನು ಹೇಳುತ್ತೆ ನೋಡೋಣ," ಅಂದಳು ಗುಬ್ಬಿ. ನೂಲಿನ ಬಲಗಡೆ ತುದಿಯಲ್ಲಿ ಒಂದು ಕೆಂಪು ಕ್ಲಿಪ್ಪು ಸಿಕ್ಕಿಸಿದಳು. "ದೊಡ್ಡಮ್ಮ ಇಲ್ಲಿರ್ತಾರೆ ಅಂತ ಅದರ ಅಂದಾಜು. ಈಗ ದೊಡ್ಡಮ್ಮ."

ದೊಡ್ಡಮ್ಮ ಕೈ ಚಾಚಲಿಲ್ಲ. "ಅಳಿಸಿದವರೇ ಇಡ್ಲಿ."

ಮಾಮ ಹೆಬ್ಬೆರಳನ್ನು ನೀಲಿಯಲ್ಲಿ ಅದ್ದಿದ. "ಗಂಟೆಗೆ ಎಷ್ಟು ದೊಡ್ಡಮ್ಮ?"

ಅವಳು ಸಂಖ್ಯೆ ಹೇಳಿದಳು. ಹೇಳುವಾಗ ಗೋಡೆ ನೋಡಿದಳು.

"ಕಷ್ಟದ ಬಟ್ಟೆ ಕೊಡ್ತಾರೆ ಅನ್ನಿ," ಎಂದು ಮಾಮ ಮೆಲ್ಲಗೆ ದಾರಿ ತೋರಿಸಿದ.

"ಏನೂ ಇಲ್ಲ. ಎಲ್ಲರಿಗೂ ಕೊಡೋದೇ ನನಗೂ ಕೊಡೋದು. ನನಗೆ ಮಾತು ಜಾಸ್ತಿ, ಭುಜ ನೋವು, ಕೈ ನಿಧಾನ. ಅದಕ್ಕೂ ಬಣ್ಣ ಹಚ್ಬೇಡಿ."

ಮಾಮ ಬಾಯಿ ಮುಚ್ಚಿಕೊಂಡು ಬಗ್ಗಿದ, ಇನ್ನೂ ಬಗ್ಗಿದ, ಮಂಡಿಯೂರಿದ. ಹೆಬ್ಬೆರಳು ಇಟ್ಟ. ಗುಬ್ಬಿ ಆ ಚುಕ್ಕಿಯಿಂದ ಮೇಲಿನ ಕೆಂಪು ಕ್ಲಿಪ್ಪಿನವರೆಗೆ ಒಂದು ದಾರ ಕಟ್ಟಿದಳು. ಒಂದು ದಾರ ಸಾಲದೆ ಇನ್ನೊಂದಕ್ಕೆ ಗಂಟು ಹಾಕಬೇಕಾಯಿತು.

"ಇಷ್ಟುದ್ದ ತಪ್ಪು," ಅಂದಳು. "ಇದು ದೊಡ್ಡಮ್ಮನ ತಪ್ಪಲ್ಲ ಸಾರ್. ಗೆರೆಯದು."

ಆಮೇಲೆ ನೂಲಿನ ಕ್ಲಿಪ್ಪು ಸಡಿಲಿಸಿ, ದೊಡ್ಡಮ್ಮನನ್ನೂ ಸೇರಿಸಿಕೊಂಡು ಮತ್ತೆ ಹೊಂದಿಸಿದಳು. ನೂಲಿನ ಬಲತುದಿ ಕೆಳಕ್ಕೆ ವಾಲಿತು. ದೊಡ್ಡಮ್ಮ ಅಲ್ಲಿ ಕೆಳಗಿನಿಂದ ಸೆರಗು ಹಿಡಿದು ಜಗ್ಗಿದಂತೆ.

ಮೀಸೆಯವನಿಗೆ ಇದು ಎಲ್ಲರಿಗಿಂತ ಮೊದಲು ಹೊಳೆಯಿತು. "ಅಂದ್ರೆ ನನ್ನ ಲೆಕ್ಕನೂ ಇಳೀತಾ? ಮೇಡಂ, ಇನ್ನೊಬ್ಬರು ದೊಡ್ಡಮ್ಮನ್ನ ಹಾಕೋಕಾಗುತ್ತಾ?"

"ಇಲ್ಲ. ಇರೋರು ಇರೋ ಹಾಗೆ, ಅಷ್ಟೇ."

"ನಿನ್ನೆ ಕಾಫಿ ಅಂದೆಯಲ್ಲ," ಅಂದಳು ದೊಡ್ಡಮ್ಮ ಮೀಸೆಯವನಿಗೆ. "ಇವತ್ತು ತಂದುಕೊಡು. ಸಕ್ಕರೆ ಜಾಸ್ತಿ." ಮಾತು ಮರಳಿ ಬಂದಿತ್ತು.

ಮ್ಯಾನೇಜರ್ ಬೆಡ್‌ಶೀಟಿನ ಮುಂದೆ ಬಹಳ ಹೊತ್ತು ನಿಂತ, ಗಡಿಯಾರವನ್ನು ಒಮ್ಮೆಯೂ ನೋಡದೆ. ಲಾಂಡ್ರಿಯ ಇತಿಹಾಸದಲ್ಲಿ ಅದೇ ಮೊದಲು. "ಇಷ್ಟು ಚದುರಿದ್ದರೆ ಯಾವ ಬಾಯಲ್ಲಿ ಹೇಳೋದು," ಎಂದು ಗೊಣಗಿ, ಹೊಸ ಲೆಕ್ಕವನ್ನು ಮಡಿಸಿ ಜೇಬಿಗಿಟ್ಟ. ಬಿಟ್ಟೆ ಎನ್ನಲಿಲ್ಲ. ಸದ್ಯಕ್ಕೆ ಬೇಡ ಅಂದ. ಇಸ್ತ್ರಿಗಳು ಮತ್ತೆ ಬಿಸಿಯಾದವು.

ಮಾಮ ಇನ್ನೂ ಮಂಡಿಯೂರಿಯೇ ಇದ್ದ. ದೊಡ್ಡಮ್ಮ ಅವನ ಪಕ್ಕಕ್ಕೆ ಬಂದು ತನ್ನ ಚುಕ್ಕಿಯನ್ನು ನೋಡಿದಳು. ಎಲ್ಲರಿಂದ ದೂರ, ಮೂಲೆಯಲ್ಲಿ, ಒಂಟಿ.

"ತೀರಾ ಕೆಳಗಾಯ್ತಲ್ಲ," ಎಂದು ಪಿಸುಗುಟ್ಟಿದಳು. "ಒಂಚೂರು ಮೇಲೆ ಇಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

ಮಾಮನ ಕೈ ತುರಿಸಿತು. ಒದ್ದೆ ನೀಲಿ, ಬೆರಳಿನ ಒಂದು ಸವರು, ಅಷ್ಟೇ ಸಾಕಿತ್ತು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡ.

"ನೀವು ಇಲ್ಲೇ ಇರೋದು ದೊಡ್ಡಮ್ಮ," ಅಂದ. ತಲೆ ಎತ್ತಿ ಅವಳ ಮುಖ ನೋಡಲು ಆಗಲಿಲ್ಲ.

ಅವಳು ನಿಟ್ಟುಸಿರು ಬಿಟ್ಟು, ಭುಜ ನೀವಿಕೊಂಡು, ತನ್ನ ಮೇಜಿಗೆ ಹೋದಳು. ಹೊಟ್ಟೆಗೆ ಹಾಕಿಕೊಂಡಳೋ ಇಲ್ಲವೋ, ಮಾಮನಿಗೆ ಇವತ್ತಿಗೂ ತಿಳಿಯದು.

ಗುಬ್ಬಿ ಹತ್ತಿರ ಬಂದು ಇನ್ನೊಂದು ಕಾಗದ ಬಿಚ್ಚಿದಳು. ಅದರ ತುಂಬ ಕವಲೊಡೆದ ಗೆರೆಗಳು, ತಲೆಕೆಳಗಾದ ಮರದಂತೆ. "ಮುಂದಿನ ಪಾಠಕ್ಕೆ. ಮಷಿನ್ ಪ್ರಶ್ನೆ ಕೇಳ್ಕೊಂಡು ಕೇಳ್ಕೊಂಡು ಕೆಳಗೆ ಇಳಿಯುತ್ತೆ," ಎಂದು ವಿವರಿಸಿದಳು. ಸ್ವರದಲ್ಲಿ ಮೊದಲಿನ ಸಲಿಗೆ ಇನ್ನೂ ಬಂದಿರಲಿಲ್ಲ. "ಅರ್ಥ ಆಯ್ತಾ?"

ಅಭ್ಯಾಸದ ತಲೆ ಆಡಲು ಹೊರಟಿತು. ನೀಲಿ ಹೆಬ್ಬೆರಳನ್ನು ಗಲ್ಲಕ್ಕೆ ಕೊಟ್ಟು ಅದನ್ನು ನಿಲ್ಲಿಸಿದ.

"ಇಲ್ಲ," ಅಂದ. ಇಸ್ತ್ರಿಯವರೆಲ್ಲ ಕೇಳಿಸಿಕೊಂಡರು.